ಒರಿಜಿನಲ್ ಸೋಲಿಗರು

"ರವಿಕೆ ಬಿಚ್ಚಮ್ಮೀ ಅಂದ್ರೆ ಕಿವಿ ಕೇಳಕಿಲ್ವಾ? ಕಾಡೋರಂಗೆ ಕಾಣ್ಬೇಕು! ಚಪ್ಲಿಯಂತೆ, ವಾಚಂತೆ... ಥೂ ಮುಂಡೇವಾ, ಸಂತೆಗೆ ಬಂದಂಗೆ ಬಂದವೆ!"

ರೆಸಾರ್ಟಿನ ಮ್ಯಾನೇಜರ್ ಶಾಂತಮೂರ್ತಿ ಎಸೆದ ಎಲೆಯ ಲಂಗ ಕುಸುಮಳ ಕಾಲ ಬಳಿ ಬಿತ್ತು. ಯಳಂದೂರಿನಲ್ಲಿ ಪಿಯುಸಿ ಓದುವ ಹುಡುಗಿ ಅಜ್ಜಿ ಮಾದೇವಮ್ಮನ ಬೆನ್ನ ಹಿಂದೆ ಸರಿದಳು.

ನಿನ್ನೆ ಇವರ ಕುಣಿತ ನೋಡಿದ ಅತಿಥಿಯೊಬ್ಬಳು ಮೂಗು ಮುರಿದಿದ್ದಳು. ರವಿಕೆ ತೊಟ್ಟು ಮೊಬೈಲ್ ಹಿಡಿದವರು ಒರಿಜಿನಲ್ ಸೋಲಿಗರಲ್ಲವಂತೆ! ಬಿಳಿಗಿರಿಯ ಕಾಡಲ್ಲೇ ಹುಟ್ಟಿ ಅಲ್ಲೇ ಮುಪ್ಪಾದ ಮಾದೇವಮ್ಮನಿಗೆ ಅದನ್ನು ಕೇಳಿ ಮೈಯೆಲ್ಲ ಉರಿದಿತ್ತು.

"ಬುದ್ದಿ, ನಮ್ಮವ್ವ, ಅವರವ್ವ ಯಾರೂ ಇಂಗೆ ಎಲೆ ಕಟ್ಕಂಡು ಕುಣ್ದಿಲ್ಲ. ನಾನಿರೋಗಂಟ ಈ ಮಗ ರವಿಕೆ ಬಿಚ್ಚಕಿಲ್ಲ."

"ಅಂಗಾರೆ ನಡೀರಿ! ಕೊಳ್ಳೇಗಾಲದ ಹುಡ್ಗೀರ ಮೈಗೆ ಮಸಿ ಬಳ್ದು ಕುಣಿಸ್ತೀನಿ. ಅವರೇ ಸೋಲಿಗರು ಅಂತೀನಿ. ಯಾವ ನನ್ಮಗ ಕೇಳ್ತಾನೆ?"

ದಮ್ಮಡಿ ಬಡಿಯುವ ಚಿಕ್ಕಸಿದ್ದಯ್ಯ ಗೋಗರೆದ. "ಅಕ್ಕಯ್ಯ, ಕೆಲ್ಸ ಓಯ್ತದೆ. ಒಂದ್ಸಲ ಬಿಚ್ಲಿ ಬುಡು."

"ನಿನ್ ಮಗಳಾಗಿದ್ರೆ ಇಂಗಂತಿದ್ಯೇನ್ಲಾ?"

ಮಾದೇವಮ್ಮ ಶಾಂತಮೂರ್ತಿಯತ್ತ ತಿರುಗಿದಳು. "ಒರಿಜಿನಲ್ ತಾನೆ ಬೇಕು? ಬನ್ನಿ ಬುದ್ದಿ, ತೋರಿಸ್ತೀವಿ."

ಅವರ ಪೋಡಿನಲ್ಲಿ, ಆ ಕಾಡಿನ ಹಾಡಿಯಲ್ಲಿ, ಹೆಣದ ಮುಂದೆ ಮಾತ್ರ ಹಾಡುವ ಹಾಡೊಂದಿತ್ತು. ಸತ್ತವರನ್ನು ಹೆಸರು ಹಿಡಿದು ಕರೆದು, ಕೊನೆಗೆ ಮಣ್ಣು ಹಾಕಿ, ತಿರುಗಿ ನೋಡದೆ ಬರಬೇಕು. ಬದುಕಿದವರ ಹೆಸರು ಅದರಲ್ಲಿ ಬಂದರೆ ಆ ಜೀವ ಉಳಿಯದು ಎಂಬ ನಂಬಿಕೆ. ಆನೆ ತುಳಿದು ಸತ್ತ ಪೋಡಿನವನೊಬ್ಬನ ಮಣ್ಣಿಗೆ ಹೋಗಿದ್ದ ಶಾಂತಮೂರ್ತಿಗೂ ಅದು ಗೊತ್ತಿತ್ತು.

ಬೆಂಕಿಯ ಸುತ್ತ ಅತಿಥಿಗಳು ಕುರ್ಚಿ ಹಾಕಿಕೊಂಡು ಕೂತಿದ್ದರು. ಶಾಂತಮೂರ್ತಿ ತಡೆಯುವ ಮೊದಲೇ ಮಾದೇವಮ್ಮ ಮೊಮ್ಮಗಳ ಕೈ ಹಿಡಿದು, ಚಪ್ಪಲಿ ಮೆಟ್ಟಿಕೊಂಡೇ ನಡುವೆ ನಿಂತಳು.

"ಅನ್ನ ತೀರ್ತಲ್ಲಪ್ಪ ಶಾಂತಮೂರ್ತಿ, ನೀರು ತೀರ್ತಲ್ಲಪ್ಪ ಶಾಂತಮೂರ್ತಿ, ಮನೆ ಬುಟ್ಟು ಏಳಪ್ಪ, ಮಣ್ಣು ಕರೀತದೆ..."

ಬದುಕಿದವನ ಹೆಸರು ಕೇಳಿ ಚಿಕ್ಕಸಿದ್ದಯ್ಯ ಬೆಚ್ಚಿದ. ಆದರೂ ದಮ್ಮಡಿ ಬಡಿದ. ಕುಸುಮ ದನಿಗೂಡಿಸಿದಳು.

"ನಿಲ್ಸೇ! ನಿಲ್ಸೇ ಬೋಳಿ!" ಶಾಂತಮೂರ್ತಿಯ ಮುಖದಲ್ಲಿ ರಕ್ತವಿರಲಿಲ್ಲ.

"ಶ್! ಸುಮ್ನಿರ್ರೀ," ಎಂದಳು ನಿನ್ನೆಯ ಅತಿಥಿ. ಅವಳ ಕಣ್ಣು ತುಂಬಿತ್ತು. "ಇವತ್ತು ನೋಡಿ, ಇದು ರಿಯಲ್!" ಮೊಬೈಲುಗಳು ಮೇಲೆದ್ದವು.

ಹಾಡು ಮುಗಿಯಿತು. ಮಾದೇವಮ್ಮ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಶಾಂತಮೂರ್ತಿಯ ಪಾದದ ಮೇಲೆ ಹಾಕಿದಳು. ಚಪ್ಪಾಳೆಯೋ ಚಪ್ಪಾಳೆ.

ಮೂವರೂ ಪೋಡಿನ ದಾರಿ ಹಿಡಿದರು. "ಒನ್ಸ್ ಮೋರ್!" ಎಂದು ಯಾರೋ ಕೂಗಿದರು.

ಯಾರೂ ತಿರುಗಿ ನೋಡಲಿಲ್ಲ.