ಬಯಕೆಯ ಶ್ಯಾವಿಗೆ

ಜಯಲಕ್ಷ್ಮಮ್ಮನವರು ಮೈಸೂರಿನಿಂದ ಬ್ರಿಸ್ಬೇನಿಗೆ ಬಂದಿಳಿದಾಗ ಅವರ ಎರಡು ಸೂಟ್‌ಕೇಸುಗಳಲ್ಲಿ ಒಂದರ ತುಂಬ ಬರೀ ಪುಡಿಗಳಿದ್ದವು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು. ವಿಮಾನ ನಿಲ್ದಾಣದ ಅಧಿಕಾರಿ ಒಂದೊಂದೇ ಪೊಟ್ಟಣ ಬಿಚ್ಚಿ ಮೂಸಿ ನೋಡಿ, ಒಂದೊಂದಕ್ಕೂ ಸೀನಿ, ಕಣ್ಣೊರೆಸಿಕೊಂಡು ಆಕೆಯನ್ನು ದೇಶದೊಳಕ್ಕೆ ಬಿಟ್ಟ. ಐದು ತಿಂಗಳ ಬಸುರಿ ಮಗಳಿಗೆ ಬಾಯಿಗೆ ಹಿತವಾಗಿ ಮಾಡಿ ಹಾಕಲು ಬಂದ ತಾಯಿ ಆಕೆ. ಮಾಡಿ ಹಾಕುವುದರಲ್ಲಿ ಸರಸ್ವತಿಪುರಂನಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ, ಆಕೆಯೇ ಹೇಳುತ್ತಿದ್ದರು.

ಮಗಳು ಮೈಥಿಲಿ ಬ್ರಿಸ್ಬೇನಿನ ಕ್ಯಾಲಮ್‌ವೇಲ್ ಬಡಾವಣೆಯ ತನ್ನ ಮನೆಯಲ್ಲಿ ಏನು ತಿಂದರೂ ವಾಪಸ್ಸು. ಸಾರು ಕುಡಿದರೆ ಸಾರು ವಾಪಸ್ಸು, ಗೊಜ್ಜವಲಕ್ಕಿ ತಿಂದರೆ ಗೊಜ್ಜವಲಕ್ಕಿ ವಾಪಸ್ಸು. ಮಜ್ಜಿಗೆ ಹುಳಿಯನ್ನಂತೂ ಒಲೆಯ ಮೇಲಿರುವಾಗಲೇ ಕಂಡು ಓಡಿದಳು. ಬೇರೆಯವರಿಗೆ ಮೊದಲ ಮೂರು ತಿಂಗಳಿಗೆ ನಿಲ್ಲುವುದು ಇವಳಿಗೆ ಐದಾದರೂ ನಿಂತಿರಲಿಲ್ಲ. ಕೆನ್ನೆ ಒಳಗೆ ಹೋಗಿ, ಕೈಬಳೆ ಮೊಣಕೈವರೆಗೂ ಜಾರುತ್ತಿತ್ತು. ಕ್ಲಿನಿಕ್ಕಿನ ನರ್ಸ್ ತೂಕ ನೋಡಿ, ಮುಂದಿನ ವಾರವೂ ಹೀಗೇ ಇಳಿದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಗುತ್ತದೆ, ಮಗುವಿಗೂ ಸಾಲದು ಎಂದಿದ್ದಳು. ಅವತ್ತಿನಿಂದ ಜಯಲಕ್ಷ್ಮಮ್ಮನವರಿಗೆ ನಿದ್ದೆಯಿಲ್ಲ. ಆದರೂ ದಿನಾ ಹೊಸದೊಂದು ಮಾಡುತ್ತಿದ್ದರು, ದಿನಾ ಅದು ವಾಪಸ್ಸು ಬರುತ್ತಿತ್ತು.

ಅಳಿಯ ಪ್ರಥಮ್ ಪರ್ತ್‌ನಲ್ಲಿ ಯಾವುದೋ ಗಣಿ ಕಂಪನಿಯ ಸಾಫ್ಟ್‌ವೇರು ನೋಡಿಕೊಳ್ಳುತ್ತಿದ್ದ. ಅಪರೂಪಕ್ಕೆ ಬ್ರಿಸ್ಬೇನಿಗೆ ಬಂದು, ಹೆಂಡತಿಯ ಮುಖ ನೋಡಿ ಗಾಬರಿಯಾಗಿ, ಮತ್ತೆ ವಿಮಾನ ಹತ್ತುತ್ತಿದ್ದ. ದಿನಾ ಸಂಜೆ ಅವನ ಫೋನು.

"ಅತ್ತೆ, ಅವಳಿಗೆ ಏನ್ ಬೇಕೋ ಕೇಳಿ. ಇಲ್ಲಿಂದ್ಲೇ ಆರ್ಡರ್ ಮಾಡ್ಬಿಡ್ತೀನಿ, ಅರ್ಧ ಗಂಟೇಲಿ ಬಾಗಿಲಿಗೆ ಬರುತ್ತೆ."

"ಅದೆಲ್ಲ ಲೆಕ್ಕಕ್ಕಿಲ್ಲಪ್ಪ," ಎಂದರು ಜಯಲಕ್ಷ್ಮಮ್ಮ. "ಬಸುರಿ ಬಯಕೆ ತವರಿನ ಕೈಯಿಂದ್ಲೇ ತೀರಬೇಕು. ಅಂಗಡೀದು, ಪಕ್ಕದ ಮನೇದು ತಿಂದ್ರೆ ಬಯಕೆ ತೀರಿದ ಹಾಗಲ್ಲ. ತೀರದೆ ಇದ್ರೆ ಹುಟ್ಟೋ ಮಗೂಗೆ ಕಿವಿ ಸೋರುತ್ತೆ."

"ಕಿವಿನಾ?" ಎಂದ ಪ್ರಥಮ್.

"ಕಿವಿ," ಎಂದು ಆಕೆ ಫೋನಿಟ್ಟರು. ಇಂಜಿನಿಯರಿಗೆ ಎಷ್ಟಂತ ಬಿಡಿಸಿ ಹೇಳುವುದು!

ಬಯಕೆ ಇದ್ದೇ ಇದೆ ಎಂಬುದು ಅವರಿಗೆ ಗೊತ್ತಾಗಿತ್ತು. ಸಂಜೆಯಾದರೆ ಮೈಥಿಲಿ ಹಿತ್ತಲಿಗೆ ಹೋಗಿ ಮರದ ಬೇಲಿಯ ಪಕ್ಕ ನಿಲ್ಲುತ್ತಿದ್ದಳು. ಬೇಲಿಯಾಚೆ ಗ್ಲೆನಿಸ್ ಎಂಬ ಮುದುಕಿ ಒಬ್ಬಳೇ ಇದ್ದಳು. ಆಕೆಯ ಅಡುಗೆಮನೆಯ ಕಿಟಕಿ ಇತ್ತ ಕಡೆಗೇ. ಬೇರೆ ಎಲ್ಲ ವಾಸನೆಗೂ ಓಡಿಹೋಗುವ ಮಗಳು ಆ ಕಿಟಕಿಯ ವಾಸನೆಗೆ ಮಾತ್ರ ಕಣ್ಣುಮುಚ್ಚಿ ನಿಂತಿರುವುದನ್ನು ತಾಯಿ ನೋಡಿದರು. ಒಂದು ದಿನ ಕೈಹಿಡಿದು ಒಳಗೆ ಎಳೆದುತಂದು ದೇವರ ಗೂಡಿನ ಮುಂದೆ ಕೂರಿಸಿದರು.

"ಏನ್ ಬೇಕು ಅಂತ ಬಾಯ್ಬಿಟ್ಟು ಹೇಳು. ಏನೇ ಆಗಿರಲಿ ನನ್ನ ಕೈಯಾರೆ ಮಾಡ್ಕೊಡ್ತೀನಿ. ದೇವರ ಮುಂದೆ ಹೇಳ್ತಿದೀನಿ."

"ಬೇಡಮ್ಮ, ನಿನ್ನ ಕೈಲಿ ಆಗಲ್ಲ."

"ನನ್ನ ಕೈಲಿ ಆಗದೇ ಇರೋ ಅಡಿಗೆ ಯಾವುದೇ?"

ಮೈಥಿಲಿ ನೆಲ ನೋಡಿಕೊಂಡು ಹೇಳಿದಳು. ಗ್ಲೆನಿಸ್ ಆಂಟಿ ಬೀಫು ಬೇಯಿಸಿ, ದಪ್ಪ ಗ್ರೇವಿ ಮಾಡಿ, ಕೈಯಲ್ಲಿ ಲಟ್ಟಿಸಿ ಕತ್ತರಿಸಿದ ನೂಡಲ್ಸ್ ಹಾಕುತ್ತಾರೆ. ಅದು. ಅದೊಂದೇ.

ದೇವರ ಗೂಡಿನಲ್ಲಿ ದೀಪ ತನ್ನಷ್ಟಕ್ಕೆ ಉರಿಯುತ್ತಿತ್ತು. ಜಯಲಕ್ಷ್ಮಮ್ಮನವರು ಅದರ ಬತ್ತಿ ಸರಿಮಾಡಿದರು.

"ಬೀಫ್ ಅಂದ್ರೆ ದನದ್ದಾ?"

"ದನದ್ದು."

"ಮುಂಚೆ ತಿಂದಿದ್ಯಾ?"

"ಇಲ್ಲಮ್ಮ. ಪ್ರಥಮ್ ಮೇಲಾಣೆ."

"ಅವನ ಮೇಲೆ ಯಾಕೆ, ನನ್ನ ಮೇಲೆ ಇಡು ಆಣೆ."

ಮೈಥಿಲಿ ಬಳೆಯನ್ನು ಮೊಣಕೈಯತ್ತ ಸರಿಸಿದಳು. "ಒಂದೇ ಒಂದು ಸಲ. ಆಫೀಸಿನ ಬಾರ್ಬೆಕ್ಯೂ ಪಾರ್ಟೀಲಿ. ಚೂರು."

ಅಯ್ಯೋ ಶಿವನೇ! ಬೇರೆ ದಿನವಾಗಿದ್ದರೆ ಇಷ್ಟಕ್ಕೇ ಮನೆ ರಣರಂಗವಾಗುತ್ತಿತ್ತು. ಆದರೆ ಜಯಲಕ್ಷ್ಮಮ್ಮನವರ ಕಣ್ಣು ಮಗಳ ಮೊಣಕೈಯ ಹತ್ತಿರ ನಿಂತಿದ್ದ ಬಳೆಯ ಮೇಲಿತ್ತು. ತವರಿನ ಕೈಯಿಂದಲೇ ತೀರಬೇಕು ಎಂದವರು ಯಾರು? ತಾವೇ. ದೇವರ ಮುಂದೆ ಮಾತು ಕೊಟ್ಟವರು ಯಾರು? ಅದೂ ತಾವೇ. ಬೇರೆ ಯಾರನ್ನಾದರೂ ಬೈಯೋಣವೆಂದರೆ ಅಲ್ಲಿ ಯಾರೂ ಸಿಗಲಿಲ್ಲ.

ರಾತ್ರಿಯೆಲ್ಲ ಯೋಚಿಸಿ ಒಂದು ದಾರಿ ಕಂಡುಕೊಂಡರು. ಅಡುಗೆ ನಡೆಯುವುದು ಗ್ಲೆನಿಸ್ ಮನೆಯಲ್ಲಿ, ಪಾತ್ರೆ ಗ್ಲೆನಿಸ್‌ದು, ಮಾಡುವವಳೂ ಗ್ಲೆನಿಸ್. ಕೊನೆಯಲ್ಲಿ ತಾವು ಸೌಟು ಹಿಡಿದು ಒಂದು ಸುತ್ತು ತಿರುಗಿಸಿದರೆ ತವರಿನ ಕೈ ಸೋಕಿದ ಹಾಗಾಯಿತು. ಬಂದು ತಲೆಗೆ ಸ್ನಾನ ಮಾಡಿದರೆ ಮುಗಿಯಿತು. ಇದರಲ್ಲಿ ದೇವರಿಗೂ ಆಕ್ಷೇಪಣೆ ಇರಲಾರದು ಎನಿಸಿತು.

ಗ್ಲೆನಿಸ್‌ಗೆ ಸಂತೋಷವೋ ಸಂತೋಷ. ಅಡಿಲೇಡ್‌ನ ಮಾಡ್ಬರಿಯಲ್ಲಿ ಹುಟ್ಟಿದವಳು, ನೂಡಲ್ಸ್ ಕಲಿತದ್ದು ಜರ್ಮನಿಯ ಕಡೆಯ ಅಜ್ಜಿಯಿಂದ. ಕಲಿಸೋಣವೆಂದರೆ ಸ್ವಂತ ಮಕ್ಕಳೇ ಕೇಳಿರಲಿಲ್ಲ. ಆಕೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಜಯಲಕ್ಷ್ಮಮ್ಮ ಕನ್ನಡದಲ್ಲಿ ಕೇಳುತ್ತಿದ್ದರು. ಅಡುಗೆಯ ವಿಷಯವಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಮಾಂಸ ಕೆಂಪಗೆ ಹುರಿದದ್ದಾಯಿತು, ಈರುಳ್ಳಿ ಬಿದ್ದದ್ದಾಯಿತು, ಬೆಂದದ್ದಾಯಿತು. ಸೆರಗನ್ನು ಮೂಗಿಗೆ ಒತ್ತಿಕೊಂಡು ಕಿಟಕಿಯ ಹತ್ತಿರ ನಿಂತ ಜಯಲಕ್ಷ್ಮಮ್ಮ ಎಲ್ಲವನ್ನೂ ತಡೆದುಕೊಂಡರು. ಆಮೇಲೆ ಗ್ಲೆನಿಸ್ ಒಂದು ಚಮಚ ಗ್ರೇವಿ ಬಾಯಿಗಿಟ್ಟು, ಚೀಪಿ, ತಲೆದೂಗಿ, ಅದೇ ಚಮಚವನ್ನು ಮತ್ತೆ ಪಾತ್ರೆಯೊಳಗೆ ಅದ್ದಿ ತಿರುಗಿಸಿದಳು.

"ಎಂಜಲು!" ಎಂದು ಜಯಲಕ್ಷ್ಮಮ್ಮ ಕೂಗಿದರು.

ದನ ಒಂದು ಕಡೆ ಇರಲಿ. ಬಸುರಿ ಮಗಳ ಬಯಕೆಯ ಊಟಕ್ಕೆ ಎಂಜಲು ಚಮಚವೇ? ಆಕೆಗೆ ಮೈಯೆಲ್ಲ ಉರಿದುಹೋಯಿತು. ನಲವತ್ತು ವರ್ಷದಲ್ಲಿ ಆಕೆ ಅಡುಗೆ ಮಾಡುವಾಗ ಒಂದು ತೊಟ್ಟು ರುಚಿ ನೋಡಿದವರಲ್ಲ. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಹಾಗೇ ಇಲ್ಲ. ವಾಸನೆಯಲ್ಲಿ ಹುಳಿ, ಕುದಿಯುವ ಸದ್ದಿನಲ್ಲಿ ಹದ, ಬೆರಳಿನಲ್ಲಿ ಉಪ್ಪು. ಅವರ ಉಪ್ಪು ಒಂದು ದಿನವೂ ತಪ್ಪಿದ್ದಿಲ್ಲವೆಂಬುದಕ್ಕೆ ಗಂಡ ರಮಾಕಾಂತರಾಯರೇ ಸಾಕ್ಷಿ. ಅಡುಗೆಯ ವಿಷಯದಲ್ಲಿ ಅವರು ಬಾಯಿಬಿಟ್ಟು ಹೊಗಳಿದ್ದು ಅದೊಂದನ್ನೇ.

"ಅದು ನೀವು ತಿನ್ನಿ," ಎಂದು ಗ್ಲೆನಿಸ್‌ಗೆ ಪಾತ್ರೆ ತೋರಿಸಿದರು. ಆಮೇಲೆ ತಮ್ಮ ಹೈಸ್ಕೂಲಿನ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಹೇಳಿದರು: ನಾಳೆ ನಾನು ಮಾಡುತ್ತೇನೆ, ನೀವು ಕುರ್ಚಿಯಲ್ಲಿ ಕೂತುಕೊಳ್ಳಿ, ಚಮಚ ಹಿಡಿಯಬೇಡಿ.

ಮಾರನೆಯ ದಿನ ಹಳೆಯ ನೈಟಿ ಹಾಕಿಕೊಂಡು, ಸೊಂಟಕ್ಕೆ ಟವೆಲು ಬಿಗಿದುಕೊಂಡು ಬೇಲಿಯ ಗೇಟು ದಾಟಿದರು. ಕಟುಕರ ಅಂಗಡಿಯಲ್ಲೇ ತುಂಡು ಮಾಡಿಸಿದ್ದ ಮಾಂಸವನ್ನು ಗ್ಲೆನಿಸ್ ತಂದಿಟ್ಟಿದ್ದಳು. ಜಯಲಕ್ಷ್ಮಮ್ಮ ಇಕ್ಕಳದಲ್ಲಿ ಒಂದೊಂದೇ ತುಂಡು ಹಿಡಿದು ಬಿಸಿಯೆಣ್ಣೆಗೆ ಬಿಟ್ಟರು. ಅಭ್ಯಾಸಬಲದಿಂದ ಸಹಸ್ರನಾಮ ಬಾಯಿಗೆ ಬಂತು. ದೇವರನ್ನು ಇಲ್ಲಿಗೆ ಕರೆಯುವುದು ಬೇಡವೆಂದು ಅಲ್ಲಿಗೇ ನಿಲ್ಲಿಸಿ ಹದಿನೇಳರ ಮಗ್ಗಿ ಹೇಳಿಕೊಂಡರು. ಮಗ್ಗಿಯಲ್ಲಿ ತಪ್ಪಾಗಬಾರದೆಂಬ ಗಮನದಲ್ಲಿ ಇಕ್ಕಳದಲ್ಲಿರುವುದು ಏನೆಂಬುದು ಅಷ್ಟಾಗಿ ಕಾಡಲಿಲ್ಲ. ನಾಲ್ಕೂ ಮಗ್ಗುಲು ಕೆಂಪಾಗುವ ತನಕ ತಿರುಗಿಸಿದರು. ಎಣ್ಣೆಗಾಯಿ ಮಾಡುವವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈರುಳ್ಳಿ, ಕ್ಯಾರೆಟ್, ಪಲಾವಿನ ಎಲೆ, ಕುಟ್ಟಿದ ಮೆಣಸು, ನೀರು. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಬಿಟ್ಟರು.

ನೂಡಲ್ಸಿಗೆ ಮೊಟ್ಟೆ ಬೇಕಿತ್ತು. ಹಿಟ್ಟಿನ ನಡುವೆ ಗುಳಿ ಮಾಡಿ, ಗ್ಲೆನಿಸ್ ತೋರಿಸಿದಂತೆ ಬಟ್ಟಲಿನ ಅಂಚಿಗೆ ತಟ್ಟಿ, ಅರುವತ್ತೆರಡನೆಯ ವಯಸ್ಸಿನಲ್ಲಿ ತಮ್ಮ ಮೊದಲನೆಯ ಮೊಟ್ಟೆ ಒಡೆದರು. ಹಳದಿ ಜಾರಿ ಗುಳಿಯಲ್ಲಿ ಕೂತಿತು. ಆಕೆ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ನಾದಿ, ಹೋಳಿಗೆಗಿಂತ ತೆಳ್ಳಗೆ ಲಟ್ಟಿಸಿ, ಸುರುಳಿ ಸುತ್ತಿ, ಚಾಕುವಿನಲ್ಲಿ ಒಂದೇ ಸಮ ಕತ್ತರಿಸಿದರು. ಕುರ್ಚಿಯಲ್ಲಿ ಕೂತ ಗ್ಲೆನಿಸ್ ಎದ್ದು ಬಂದು ನೋಡಿ, ನನ್ನ ಅಜ್ಜಿ ನೋಡಬೇಕಿತ್ತು ಎಂದಳು. ಜಯಲಕ್ಷ್ಮಮ್ಮನವರಿಗೆ ಹೆಮ್ಮೆಯಾಯಿತು. ಹೆಮ್ಮೆಪಡುವಂಥ ವಿಷಯವೇ ಇದು? ಎಂದು ನಾಚಿಕೆಯೂ ಆಯಿತು.

ಮಾಂಸ ಬೆಂದ ನೀರಿಗೆ ಹಿಟ್ಟು ಕದಡಿ ಹಾಕಿ, ಅಂಬಲಿಯಂತೆ ಗಂಟು ಕಟ್ಟದ ಹಾಗೆ ತಿರುಗಿಸಿದರು. ಗ್ರೇವಿ ದಪ್ಪಗಾಯಿತು. ಉಪ್ಪಿನ ಡಬ್ಬಿಗೆ ಕೈ ಹಾಕಬೇಕು, ಅಷ್ಟರಲ್ಲಿ ಮೈಸೂರಿನಿಂದ ರಮಾಕಾಂತರಾಯರ ಫೋನು.

"ಏನ್ಮಾಡ್ತಿದೀಯ?"

"ಮೈಥಿಲಿ ಬಯಕೆಗೆ ಅಡಿಗೆ."

"ಏನು ಕೇಳಿದ್ಲು?"

"ಶ್ಯಾವಿಗೆ."

"ಸಿಹೀದೋ, ಖಾರದ್ದೋ?"

"ಖಾರದ್ದು."

"ಒಳ್ಳೇದು. ಸಿಹಿ ಅಷ್ಟು ಒಗ್ಗಲ್ಲ," ಎಂದು ರಾಯರು ಸಮಾಧಾನದಿಂದ ಫೋನಿಟ್ಟರು. ಒಂದೇ ಒಂದು ಸುಳ್ಳೂ ಹೇಳದೆ ಪಾರಾದ ಜಯಲಕ್ಷ್ಮಮ್ಮ ಫೋನು ಪಕ್ಕಕ್ಕಿಟ್ಟು ಕತ್ತರಿಸಿದ ನೂಡಲ್ಸಿಗೆ ಕೈ ಹಾಕಿದರು. ನೂಡಲ್ಸ್ ಗ್ರೇವಿಗೆ ಬಿದ್ದು ಬೆಂದವು.

ಗ್ಲೆನಿಸ್‌ಳ ಹಿಂದಿನ ವರಾಂಡದ ಮೇಜಿನಲ್ಲಿ ಮೈಥಿಲಿಗೆ ಬಡಿಸಿದರು. ಜೂನ್ ತಿಂಗಳ ಚಳಿಗೆ ಬೋಗುಣಿಯಿಂದ ಹಬೆಯೇಳುತ್ತಿತ್ತು. ಜಯಲಕ್ಷ್ಮಮ್ಮ ಒಂದು ಬಕೆಟ್ಟನ್ನು ಮಗಳ ಕುರ್ಚಿಯ ಪಕ್ಕ ಇಟ್ಟು, ತಾವು ಎದುರಿಗೆ ನಿಂತರು. ಮೊದಲ ತುತ್ತು ಹೋಯಿತು. ಬಕೆಟ್ ಸುಮ್ಮನೆ ಇತ್ತು. ಎರಡನೆಯದು ಹೋಯಿತು. ಮೈಥಿಲಿ ತಲೆಯೆತ್ತದೆ ಬೋಗುಣಿಯನ್ನು ಖಾಲಿ ಮಾಡಿ ಮುಂದಕ್ಕೆ ಚಾಚಿದಳು. ಜಯಲಕ್ಷ್ಮಮ್ಮ ಇನ್ನೂ ಒಂದು ಸೌಟು ಹಾಕಿದರು.

"ಇನ್ನೊಂಚೂರು ಹಾಕ್ಲಾ? ನಾಚ್ಕೋಬೇಡ," ಎಂದು ಮದುವೆಮನೆಯಲ್ಲಿ ಬಡಿಸುವವರ ಹಾಗೆ ಕೇಳುವಾಗ ಅವರ ಕಣ್ಣಿಂದ ನೀರು ಬಳಬಳನೆ ಇಳಿಯುತ್ತಿತ್ತು. ಒರೆಸಿಕೊಳ್ಳುವಂತಿರಲಿಲ್ಲ, ಕೈ ಮೈಲಿಗೆ. ಮಗಳ ಹೊಟ್ಟೆಯಲ್ಲಿ ಅನ್ನ ನಿಂತಿತ್ತು. ಅದು ಅನ್ನವಲ್ಲದಿದ್ದರೆ ಏನಂತೆ!

ಎರಡನೆಯ ಸಲದ್ದು ಮುಗಿಯುತ್ತಾ ಬಂದಾಗ ಮೈಥಿಲಿ ಕೇಳಿದಳು. "ಅಮ್ಮಾ, ನಾನು ಹೊಟ್ಟೇಲಿದ್ದಾಗ ನಿನ್ನ ಬಯಕೆ ಏನಿತ್ತು?"

ಈ ಪ್ರಶ್ನೆಯನ್ನು ಮೊದಲೂ ಹಲವರು ಕೇಳಿದ್ದರು. ಏನೂ ಇರಲಿಲ್ಲಪ್ಪ ಎಂಬುದು ಆಕೆಯ ಉತ್ತರ. ಇವತ್ತು ಉಗುರಿನ ಸಂದಿಯಲ್ಲಿ ಮೊಟ್ಟೆಯ ಹಿಟ್ಟು ಒಣಗಿತ್ತು.

"ಎಗ್ ಪಫ್ಸು," ಎಂದರು ಜಯಲಕ್ಷ್ಮಮ್ಮ.

"ಏನು?"

"ದೇವಸ್ಥಾನಕ್ಕೆ ಹೋಗೋ ದಾರೀಲಿ ಬೇಕರಿ ಇತ್ತು. ಸಾಯಂಕಾಲ ಬಿಸಿಬಿಸಿ ತೆಗೆಯೋರು. ಆ ವಾಸನೆಗೆ ಕಾಲು ಮುಂದಕ್ಕೇ ಹೋಗ್ತಿರಲಿಲ್ಲ ಕಣೇ. ನಿಮ್ಮಜ್ಜಿ ಹತ್ರ ಹೇಳ್ದೆ. ಅವತ್ತಿಂದ ಆ ಬೀದೀಲೇ ಓಡಾಡೋದು ಬೇಡ ಅಂದ್ಬಿಟ್ರು. ಸುತ್ತಿ ಬಳಸಿ ಹೋಗ್ತಿದ್ವಿ."

ಮೈಥಿಲಿಯ ಕೈ ತಾನಾಗಿ ಕಿವಿಗೆ ಹೋಯಿತು. ಒಂದನೆಯ ಕ್ಲಾಸು ಮುಗಿಯುವವರೆಗೂ ಸೋರಿದ ಕಿವಿ. ಹತ್ತಿ, ಬಿಸಿ ಎಣ್ಣೆ, ಡಾಕ್ಟರ ಮನೆ, ಹತ್ತಿ.

"ಅದಕ್ಕೇನಾ ನನ್ನ ಕಿವಿ?"

"ಹೂಂ," ಎಂದರು ತಾಯಿ. "ಒಂದೊಂದು ಸಲ ಎಣ್ಣೆ ಬಿಡುವಾಗ್ಲೂ ಆ ಬೇಕರಿ ನೆನಪಾಗೋದು. ಕೊಡಿಸಿದ್ದಿದ್ರೆ ಮಗು ಅಳ್ತಿರಲಿಲ್ಲ ಅಂತ ಹೊಟ್ಟೆ ಉರೀತಿತ್ತು. ಯಾರ ಹತ್ರ ಹೇಳೋದು?"

ಮೈಥಿಲಿ ಎದ್ದು ಒಳಗೆ ಹೋದಳು. ಮಿಕ್ಕಿದ್ದ ಹಸಿ ನೂಡಲ್ಸನ್ನು ಬೇರೊಂದು ಪಾತ್ರೆಯಲ್ಲಿ ಬರೀ ನೀರಿನಲ್ಲಿ ಬೇಯಿಸಿ, ಬೆಣ್ಣೆ ಹಾಕಿ, ತಟ್ಟೆಯಲ್ಲಿ ತಂದು ತಾಯಿಯ ಮುಂದಿಟ್ಟಳು. ತೊಳೆದ ಹೊಸ ಫೋರ್ಕು ಕೊಟ್ಟಳು.

"ಇದರಲ್ಲಿ ದನ ಇಲ್ಲ. ಮೊಟ್ಟೆ ಮಾತ್ರ. ಕೂತ್ಕೋ."

ಜಯಲಕ್ಷ್ಮಮ್ಮ ಬೇಡವೆನ್ನಲು ಬಾಯಿ ತೆರೆದರು. ಆಮೇಲೆ ನಲ್ಲಿಯಲ್ಲಿ ಕೈ ತೊಳೆದು ಬಂದು ಕೂತರು. ಫೋರ್ಕು ಹಿಡಿಯಲು ಬಾರದೆ ಬೆರಳಲ್ಲೇ ಎತ್ತಿ ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದರು. ಬೆಣ್ಣೆ ಚೆನ್ನಾಗಿತ್ತು. ಹದವೂ ಸರಿಯಾಗಿತ್ತು. ಆದರೆ ಅಗಿಯುತ್ತಾ ಅಗಿಯುತ್ತಾ ಅವರ ಹುಬ್ಬು ಗಂಟಿಕ್ಕಿತು.

"ಉಪ್ಪು ಹಾಕಿಲ್ವಲ್ಲೇ ಇದಕ್ಕೆ." ಒಂದು ಗಳಿಗೆಯ ನಂತರ ಮುಖ ಬಿಳಿಚಿತು. ಕೈ ಡಬ್ಬಿಗೆ ಹೋದದ್ದು, ಫೋನು ಬಂದದ್ದು. "ಅಯ್ಯೋ ನನ್ನ ಕರ್ಮವೇ! ಗ್ರೇವಿಗೂ ಹಾಕ್ಲಿಲ್ಲ ನಾನು."

"ಗೊತ್ತಮ್ಮ," ಎಂದಳು ಮೈಥಿಲಿ. ಎರಡನೆಯ ಬೋಗುಣಿಯ ತಳವನ್ನು ಬೆರಳಿನಿಂದ ಸವರಿ ತಿನ್ನುತ್ತಿದ್ದಳು.

"ಮತ್ತೆ ಹೇಳೋದಲ್ವೇನೇ?"

"ಹೇಳಿದ್ರೆ ಎತ್ತಿಟ್ಟು, ಮತ್ತೆ ಮೊದಲಿಂದ ಮಾಡ್ತೀನಿ ಅಂತಿದ್ದೆ."

ಅದು ನಿಜವೇ. ಜಯಲಕ್ಷ್ಮಮ್ಮ ಎದ್ದುಹೋಗಿ ಉಪ್ಪಿನ ಡಬ್ಬಿ ತಂದರು. ಮಗಳಿಗೆ ಮೂರನೆಯ ಸಲ ಬಡಿಸಿ, ಅದಕ್ಕೊಂದು ಚಿಟಿಕೆ ಉದುರಿಸಿದರು. ಆಮೇಲೆ ತಮ್ಮ ತಟ್ಟೆಗೊಂದು ಚಿಟಿಕೆ ಹಾಕಿಕೊಂಡು, ಅದು ಖಾಲಿಯಾಗುವ ತನಕ ತಿಂದರು.