ಟೈರಿನ ಮೇಲಿದ್ದ ಅಂಕಿ

ಒದ್ದೆ ಬಟ್ಟೆಯಿಂದ ಇನ್ನೊಮ್ಮೆ ಉಜ್ಜಿದಾಗ ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲೆ, ಧೂಳಿನಡಿಯಿಂದ ಬಿಳಿಯದೊಂದು ಸ್ಟಿಕ್ಕರ್ ಕಾಣಿಸಿತು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ ದರ್ಜಿ ಕನ್ನಡಕ ಏರಿಸಿಕೊಂಡ. ಬೆಳಿಗ್ಗೆ ಬರುವಾಗ ನೋವು ತಡೆಯಲಾರದೆ ಹೆಂಡತಿ ವಾಂತಿ ಮಾಡಿಕೊಂಡಿದ್ದಳು. ಅದು ಅವನ ಸೀಟಿನ ಮೇಲೆ, ಬಾಗಿಲಿನವರೆಗೂ ಸಿಡಿದಿತ್ತು. ಈಗ ಅವಳಿಗೆ ಒಳಗೆ ಡ್ರಿಪ್ ಹಾಕಿದ್ದರು. ಡಾಕ್ಟರ್ ಹೇಳಿದ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನೆ ಕೂರಲಾಗದೆ ದರ್ಜಿ ಒರೆಸಲು ಬಂದಿದ್ದ.

"ಇನ್ಮೇಲೆ ಇವ್ರನ್ನ ಕರ್ಕೊಂಡ್ ಬರೋದು ಬೇಡ," ಎಂದಿದ್ದರು ಡಾಕ್ಟರ್. "ಕ್ಯಾನ್ಸರ್ ಬೆನ್ನುಮೂಳೆಗೆ ಪೂರ್ತಿ ಹಬ್ಬಿದೆ. ನೋವಿನ ಮಾತ್ರೆ ಬರ್ಕೊಟ್ಟಿದೀನಿ. ಮನೇಲಿ ಆರಾಮಾಗಿ ಇರಲಿ."

"ಎಷ್ಟು ದಿನ ಸಾರ್?"

ಡಾಕ್ಟರ್ ಕಿಟಕಿಯ ಕಡೆ ನೋಡಿದ್ದರು. ಇದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಹೇಳುವ ಬಾಯಿ ಎಲ್ಲಿಂದ ತರುವುದು?

ಸ್ಟಿಕ್ಕರಿನಲ್ಲಿ ಪುಟ್ಟ ಕಾರಿನ ಚಿತ್ರವಿತ್ತು. ನಾಲ್ಕೂ ಚಕ್ರಗಳ ಪಕ್ಕದಲ್ಲಿ ಮೂವತ್ತು ಎಂದು ಬರೆದಿತ್ತು. ಟೈರಿಗೆ ಹಾಕಬೇಕಾದ ಗಾಳಿಯ ಲೆಕ್ಕ. ಎಲ್ಲಾದರೂ ಉಂಟೇ, ಬೇರೆ ಯಾವುದೋ ಕಾರಿನದನ್ನು ತಂದು ಅಂಟಿಸಿದ್ದಾರೆ ಎಂದುಕೊಂಡ. ಅವನು ಇಷ್ಟು ವರ್ಷ ಹಾಕಿಸುತ್ತಿದ್ದುದು ನಲವತ್ನಾಲ್ಕು.

ಅಳತೆಯ ವಿಷಯದಲ್ಲಿ ದರ್ಜಿ ಯಾರ ಮಾತಿಗೂ ಸೊಪ್ಪು ಹಾಕುವವನಲ್ಲ. ಗಿರಾಕಿ ಹಳೇ ಅಂಗಿ ಕೊಟ್ಟು ಇದರಂತೆಯೇ ಹೊಲಿ ಎಂದರೂ ಟೇಪು ಹಿಡಿದು ಮತ್ತೆ ಅಳೆಯುವ ಆಸಾಮಿ. ಈ ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬಂದ ಮೊದಲ ವಾರವೇ ಅಕ್ಕಪಕ್ಕದವರು ತಲೆಗೊಂದು ಅಂಕಿ ಹೇಳಿದ್ದರು. ಅವನು ಯಾರನ್ನೂ ನಂಬದೆ ನೆಲಕ್ಕೆ ಬಗ್ಗಿ ಟೈರನ್ನೇ ಓದಿದ್ದ. ಕರೀ ರಬ್ಬರಿನಲ್ಲಿ ಉಬ್ಬಿ ನಿಂತ ನಲವತ್ನಾಲ್ಕು ಸಿಕ್ಕಿತ್ತು. ಕಂಪನಿಯವನೇ ಅಚ್ಚು ಹಾಕಿ ಕೊಟ್ಟಿರುವಾಗ ಊರವರ ಅಂದಾಜು ಯಾರಿಗೆ ಬೇಕು? ಅಂದಿನಿಂದ ಒಂದು ವಾರವೂ ತಪ್ಪಿಸದೆ ಅಷ್ಟೇ ಹಾಕಿಸಿದ್ದ.

ಈಗಲೂ ಬಗ್ಗಿ ಓದಿದ. ಅಂಕಿ ಇದ್ದಲ್ಲೇ ಇತ್ತು. ಅದರ ಹಿಂದೆ ಮಣ್ಣು ಮೆತ್ತಿದ ಸಣ್ಣ ಅಕ್ಷರಗಳಿದ್ದವು. ಉಗುರಿನಿಂದ ಕೆರೆದ. ಮ್ಯಾಕ್ಸ್ ಎಂದಿತ್ತು.

ಅಂದರೆ ಈ ಟೈರು ತಾಳಬಲ್ಲ ಕಡೆಯ ಮಿತಿ. ಟೇಪಿನ ತುದಿಯಲ್ಲಿ ನೂರೈವತ್ತು ಎಂದಿದೆಯೆಂದು ಯಾರಾದರೂ ಅಂಗಿಯನ್ನು ನೂರೈವತ್ತು ಉದ್ದ ಹೊಲಿಯುತ್ತಾರೆಯೇ? ಅವನು ಹೊಲಿದಿದ್ದ.

ಟೈರಿನಲ್ಲಿ ಗಾಳಿ ಬಿಗಿಯಾದಷ್ಟೂ ರಸ್ತೆಯ ಹೊಡೆತ ಒಳಗೆ ಕೂತವರ ಮೈಗೆ ಬಡಿಯುತ್ತದೆ. ಮನೆಯಿಂದ ಆಸ್ಪತ್ರೆಗೆ ಬರುವ ದಾರಿಯಲ್ಲಿ ಗುಂಡಿಗಳಿಗೇನು ಬರವೇ? ಒಂದೊಂದಕ್ಕೂ ಅವಳು ಕಿಟಕಿಯ ಮೇಲಿನ ಹಿಡಿಗೆ ಜೋತುಬಿದ್ದು, ಬಾಯಿಗೆ ಟವೆಲ್ ತುರುಕಿಕೊಂಡು ಕೂಗುತ್ತಿದ್ದಳು. ಕೂಗಿದ ಮೇಲೆ "ಸಾರಿ ರೀ, ತಡಿಯಕ್ಕಾಗಲಿಲ್ಲ," ಎಂದು ಅವನನ್ನೇ ಸಮಾಧಾನ ಮಾಡುತ್ತಿದ್ದಳು. ಬೆನ್ನಿಗೆ ದಿಂಬು ಕೊಟ್ಟದ್ದಾಯಿತು, ಆಮೆಯಂತೆ ಓಡಿಸಿದ್ದಾಯಿತು. "ರೋಡು ನಾನ್ ಮಾಡ್ಸಿದ್ದಾ?" ಎಂದು ಒಮ್ಮೆ ರೇಗಿದ್ದೂ ಆಯಿತು.

ಅವಳೇ ಒಂದು ದಿನ ಕೇಳಿದ್ದಳು. "ಅಲ್ಲಾ ರೀ, ಟೈರಲ್ಲಿ ಸ್ವಲ್ಪ ಗಾಳಿ ಕಮ್ಮಿ ಮಾಡಿದ್ರೆ ಮೆತ್ತಗಾಗಲ್ವಾ?"

"ನಿಂಗೇನ್ ಗೊತ್ತು ಸುಮ್ನಿರೇ. ಟೈರ್ ಮೇಲೇ ಬರ್ದಿದೆ."

ಅವಳು ಟವೆಲ್ ಮಡಚಿಕೊಂಡಿದ್ದಳು. ಬೆನ್ನು ಮುರಿದಿದ್ದು ಕಾಯಿಲೆ, ನಿಜ. ಮುರಿದ ಬೆನ್ನಿಗೆ ಪ್ರತೀ ಸಲ ದೊಣ್ಣೆ ಬೀಸಿದವನು ತಾನು.

ಡ್ರಿಪ್ ಮುಗಿಯಲು ಇನ್ನೂ ಹೊತ್ತಿತ್ತು. ಪಕ್ಕದಲ್ಲೇ ಇದ್ದ ಪೆಟ್ರೋಲ್ ಬಂಕಿಗೆ ಕಾರು ಒಯ್ದು, ಗಾಳಿ ಯಂತ್ರದ ಬಟನ್ ಒತ್ತಿ ನಲವತ್ನಾಲ್ಕನ್ನು ಮೂವತ್ತಕ್ಕೆ ಇಳಿಸಿದ. ಪೈಪು ಸಿಕ್ಕಿಸಿದ ಕೂಡಲೇ ಟೈರು ಬುಸ್ಸೆಂದಿತು. ಒಂದೊಂದು ಚಕ್ರದ ಬಳಿಯೂ ಮಂಡಿಯೂರಿ ಕೂತು ಆ ಸದ್ದು ನಿಲ್ಲುವವರೆಗೂ ಕಾದ. ಇಷ್ಟು ಸುಲಭವಿತ್ತೇ ಎಂದು ಅಳು ಬಂತು, ಅತ್ತ. ಹಿಂದಿನ ಸ್ಕೂಟರಿನವನು ಹಾರ್ನ್ ಹೊಡೆದ.

ನರ್ಸ್ ಗಾಲಿಕುರ್ಚಿಯಲ್ಲಿ ಹೆಂಡತಿಯನ್ನು ಕರೆತಂದಳು. ಇಬ್ಬರೂ ಸೇರಿ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆನ್ನಿಗೆ ದಿಂಬು ಒತ್ತಿದರು. ಅವಳು ಅಭ್ಯಾಸಬಲದಿಂದ ಟವೆಲ್ ಮಡಚಿಕೊಂಡು ಮೇಲಿನ ಹಿಡಿಯನ್ನು ಹಿಡಿದಳು. ಎಂದಿನ ಇಂಜೆಕ್ಷನ್ನೇ ಕೊಟ್ಟಿದ್ದರು. ಅದು ಗೇಟಿನ ಹಂಪು ದಾಟುವವರೆಗೂ ಕೆಲಸ ಮಾಡಿದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

ಹಂಪು ಬಂತು. ಕಾರು ಎದ್ದು, ತೂಗಿ, ಇಳಿಯಿತು. ಅವಳು ಕಣ್ಣು ಮುಚ್ಚಿ ಕಾದಳು. ಕಣ್ಣು ಬಿಟ್ಟಳು.

ಮಾರುಕಟ್ಟೆಯ ಕಿತ್ತುಹೋದ ರಸ್ತೆ ಬಂತು. ಗುಂಡಿಗಳು ಎಲ್ಲೂ ಹೋಗಿರಲಿಲ್ಲ. ಆದರೆ ಹಿಂದಿನಂತೆ ಕಲ್ಲಿಗೆ ಕಲ್ಲು ಬಡಿದ ಹಾಗೆ ಬಡಿಯಲಿಲ್ಲ. ಸೇತುವೆಯ ಬಳಿಯ ಕೆಟ್ಟ ಉಬ್ಬನ್ನು ದಾಟುವಾಗ ದರ್ಜಿ ಉಸಿರು ಬಿಗಿಹಿಡಿದ. ಅವಳ ಬಾಯಿಂದ ಸಣ್ಣದೊಂದು ಹ್ಞಾಂ ಬಂತು, ಅಷ್ಟೇ.

"ರೀ," ಎಂದಳು. "ರೋಡ್ ರಿಪೇರಿ ಮಾಡಿದಾರಾ?"

ನಿಜ ಹೇಳಿಬಿಡಬೇಕೆಂದು ಅವನ ಬಾಯಿ ತೆರೆಯಿತು. "ರೋಡಲ್ಲ ಕಣೇ..."

"ಮಾಡಿದಾರೆ ಬಿಡಿ, ನಂಗೆ ಗೊತ್ತಾಗಲ್ವಾ? ಪಾಪ, ನಿಮ್ ಡ್ರೈವಿಂಗೇ ಸರಿ ಇಲ್ಲ ಅಂತ ಮನಸಲ್ಲೇ ಬೈಕೋತಿದ್ದೆ. ಒಂದೊಂದ್ಸಲ ಬೇಕಂತಲೇ ಗುಂಡಿಗೆ ಬಿಡ್ತಾರೇನೋ ಅಂತಾನೂ ಅನ್ಸೋದು. ತಪ್ಪು ತಿಳ್ಕೋಬೇಡಿ."

ದರ್ಜಿ ಗೇರ್ ಇಳಿಸಿದ.

ಅವಳು ಹಿಡಿಯಿಂದ ಕೈ ತೆಗೆದಳು. ಅದು ಟಪ್ಪೆಂದು ಮೇಲಕ್ಕೆ ಮಡಚಿಕೊಂಡಿತು. ಆಮೇಲೆ ಮೆಲ್ಲಗೆ ಮುಂದಕ್ಕೆ ಬಾಗಿ, ಬೆನ್ನ ಹಿಂದಿನ ದಿಂಬನ್ನು ತಾನೇ ಎಳೆದು ತೆಗೆದಳು.

"ಮುಂದಿನ ಸಲ ಬರುವಾಗ ಇದು ಬೇಡ ರೀ," ಎಂದು ದಿಂಬನ್ನು ಹಿಂದಿನ ಸೀಟಿಗೆ ಹಾಕಿದಳು.

"ಹೂಂ," ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ.