ಪಾಲಿಗೆ ಬಾರದ ಬೆಕ್ಕು

ಎಪ್ಪತ್ತೊಂದನೇ ಇಸವಿಯಲ್ಲಿ ಅಣ್ಣಿಗೇರಿಯ ನಮ್ಮ ಮನೆ ಪಾಲಾದಾಗ ಪಂಚರು ಕಡಗೋಲನ್ನೂ ಬಿಡದೆ ಹಂಚಿದರು, ಬೆಕ್ಕನ್ನು ಮಾತ್ರ ಮರೆತರು. ಅಂಗಳದ ನಡುವೆ ಗೋಡೆ ಎದ್ದಿತು. ಆಚೆ ಮೈದುನನ ಹೆಂಡತಿ, ನನ್ನ ನೆಗೆಣ್ಣಿ ದುಂಡವ್ವ, ಈಚೆ ನಾನು. ಅವತ್ತಿನಿಂದ ಅವಳ ಕೂಡ ಮಾತು ಬಂದ್. ಆ ಗಯ್ಯಾಳಿಯ ಜೊತೆ ಮಾತಾಡಿದರೆ ನನ್ನ ನಾಲಗೆಯೇ ಹೊಲಸಾದೀತು.

ಬೆಕ್ಕು ಗೌರಿ ಗೋಡೆ ಹಾರಿ ಎರಡೂ ಕಡೆ ಉಣ್ಣುತ್ತಿತ್ತು. ನನಗೆ ಮಕ್ಕಳಿಲ್ಲ, ನನ್ನ ಮಡಿಲೇರಿ ಮಲಗುವ ಜೀವ ಅದೊಂದೇ. ಅಂಥದ್ದು ಎಷ್ಟು ನೀರು ಕುಡಿದರೂ ಸಾಲದೆ ಒಣಗುತ್ತ ಹೋಯಿತು. ಉಚ್ಚೆ ಹೊಯ್ದಲ್ಲಿ ಇರುವೆಗಳು ಮುತ್ತತೊಡಗಿದವು. ದನದ ದವಾಖಾನೆಗೆ ಒಯ್ದೆ.

“ಸಕ್ಕರಿ ಬ್ಯಾನಿ ಐತ್ರಿ. ಮನಷ್ಯಾರ ಗುಳಿಗಿನ ಕೊಟ್ಟು ನೋಡೂಣು. ದಿನಾ ಮುಂಜಾನಿ ಅರ್ಧಾ, ಹೆಚ್ಚಿಗಿ ಬ್ಯಾಡ್ರಿ,” ಎಂದರು ಡಾಕ್ಟರು. ಕೆನೆಯಲ್ಲಿ ಮುಚ್ಚಿ ನುಂಗಿಸತೊಡಗಿದೆ.

ಒಂದು ಬೆಳಗ್ಗೆ ಗೋಡೆಯಾಚೆ ಗೌರಿ ವಿಕಾರವಾಗಿ ಕೂಗಿತು. ಒರಳೇರಿ ಇಣುಕಿದೆ. ಗೌರಿ ನೆಲಕ್ಕೆ ಬಿದ್ದು ಸೆಟೆಯುತ್ತಿತ್ತು. ದುಂಡವ್ವ ಅದರ ಬಾಯಿಗೆ ಬೆಲ್ಲ ತಿಕ್ಕುತ್ತಿದ್ದಳು. ಸಕ್ಕರೆ ಬೇನೆಯ ಬೆಕ್ಕಿಗೆ ಬೆಲ್ಲ! ನನ್ನ ಮೈ ಉರಿದುಹೋಯಿತು.

“ಏ ಮೂಳಿ, ನನ್ನ ಬೆಕ್ಕನ್ನ ಕೊಲ್ಲಾಕತ್ತೀ ಏನ? ನಿನ್ನ ಹೆಣಾ ಎತ್ಲಿ!”

“ನಿನ್ನ ಬೆಕ್ಕ? ಯಾವ ಪಂಚರು ಕೊಟ್ಟಾರ?” ಅವಳು ತಲೆಯನ್ನೂ ಎತ್ತಲಿಲ್ಲ. “ನಮ್ಮನಿಯವ್ರಿಗೂ ಇದ ಬ್ಯಾನಿ. ಇರಿವಿ ಕಂಡ ಕೂಡ್ಲೆ ತಿಳೀತು. ಅವರ ಗುಳಿಗಿ ಅರ್ಧಾ ಇವತ್ತ ಹಾಕೀನಿ. ಗುಳಿಗಿಗೆ ಸಕ್ಕರಿ ಭಾಳ ಇಳದು ಅವರು ಹಿಂಗ ಬಿದ್ರೂ ಬೆಲ್ಲಾನ ಕೊಡೂದು.”

“ಅಯ್ಯ ಶಿವನ! ನಾನೂ ಈಗ ಅರ್ಧಾ ಹಾಕೀನಿ!”

“ಹಂಗಾರ ಇಡೀ ಗುಳಿಗಿ ಆತು! ಬಾಯಿ ತಕ್ಕೊಂಡು ಏನ್ ನಿಂತಿ ಶಿವಗಂಗಿ? ಬೆಲ್ಲಾ ತಾ, ನಂದು ತೀರೈತಿ!”

ಸೀರೆ ಎತ್ತಿಕಟ್ಟಿ, ಬೆಲ್ಲದ ಹೆಂಟೆ ಹಿಡಿದು ಗೋಡೆ ಹಾರಿದೆ. ಅವಳು ತಲೆ ಹಿಡಿದಳು, ನಾನು ಒಸಡಿಗೆ ತಿಕ್ಕಿದೆ. ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತಲೇ ಇದ್ದೆವು. ಕೊನೆಗೆ ಗೌರಿ ಕಣ್ಣು ಬಿಟ್ಟು ಅವಳ ಕೈಯನ್ನೇ ಪರಚಿತು. ನನಗೆ ಎಷ್ಟು ಖುಷಿಯಾಯಿತೆಂದರೆ!

ಗುಳಿಗೆ ಇನ್ನು ಒಬ್ಬರೇ ಹಾಕಬೇಕು. ಆದರೆ ಬಿಟ್ಟುಕೊಡುವವರು ಯಾರು? ಒಂದು ವಾರ ನನ್ನದು, ಒಂದು ವಾರ ಅವಳದು ಎಂದಾಯಿತು. ಹಾಕಿದವರು ಗೋಡೆಯ ಮೇಲಿಂದ ಕೂಗಿ ಹೇಳಬೇಕು. ಅಷ್ಟೇ ಮಾತು, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ನಿನ್ನೆ ಅವಳ ಸರದಿ. ಹೊತ್ತೇರಿದರೂ ದನಿಯಿಲ್ಲ. ರೊಟ್ಟಿ ಬಡಿಯುವುದನ್ನು ಬಿಟ್ಟು ಗೋಡೆಗೆ ಓಡಿದೆ.

“ಲೇ ದುಂಡಿ, ಹಾಕಿದ್ಯೋ ಇಲ್ಲೋ? ಸತ್ತೀ ಏನ?”

“ಹಾಕೀನಿ! ನಿನ್ನ ಹೆಣಾ ಎತ್ತದ ನಾ ಸಾಯೂದಿಲ್ಲ!”

ಜೀವ ತಣ್ಣಗಾಯಿತು. ಒಳಗೆ ಹೋಗಿ, ಸೀದ ರೊಟ್ಟಿ ತೆಗೆದು ಇನ್ನೊಂದು ಬಡಿದೆ.